ಹಿಮ ಕರಗುವವರೆಗೆ ಅಳಬಾರದು

ಬೆಸ್ನಾ ಕಲ್ಲೆದೆಯ ಹೆಂಗಸು. ಹಕ್ಕಾರಿ ಬೆಟ್ಟಗಳ ನಡುವಿನ ನಮ್ಮ ಊರು ಬೆರ್‌ಕೆವಿರಿನಲ್ಲಿ ಇದನ್ನು ಯಾರೂ ಅಲ್ಲಗಳೆಯುತ್ತಿರಲಿಲ್ಲ, ಅವಳೂ ಅಲ್ಲಗಳೆಯುತ್ತಿರಲಿಲ್ಲ.

ಊರಿನ ನೆತ್ತಿಯ ಮೇಲಿನ ಇಳಿಜಾರಿನಲ್ಲಿ ಹಳೆಯ ಗಟ್ಟಿ ಹಿಮದ ಮೇಲೆ ಹೊಸ ಹಿಮ ಕೂತಿತೆಂದರೆ ಊರು ಅವಳ ಕೈಗೆ ಹೋಗುತ್ತಿತ್ತು. ಅವಳ ತವರಿನವರೆಲ್ಲ ಒಂದು ಮದುವೆಯ ದಿನ, ಡೋಲು ಬಡಿದ ಮರುಗಳಿಗೆಯಲ್ಲಿ, ಅಂಥದೇ ಹಿಮ ಜಾರಿ ಅದರಡಿ ಸತ್ತುಹೋಗಿದ್ದರು. ಸದ್ದಿಗೆ ಹಿಮ ಜಾರದಿರಲೆಂದು ಆಡುಗಳ ಗಂಟೆ ಬಿಚ್ಚಿಸುತ್ತಿದ್ದಳು, ನಾಯಿಗಳನ್ನು ಒಳಗೆ ಕಟ್ಟಿಸುತ್ತಿದ್ದಳು.

"ನನ್ನ ಗೊರಕೆಗೂ ಒಂದು ಬಾಯಿಕುಕ್ಕೆ ಕಟ್ಬಿಡು, ಬೆಸ್ನಾ," ಎಂದು ಮುದುಕ ಸೀನೋ ಕೆಣಕಿದರೆ, "ಕಟ್ಟಬೇಕಿತ್ತು. ನಿನ್ನ ಹೆಂಡ್ತಿ ಅಷ್ಟು ಬೇಡ್ಕೊಂಡಾಗಲೇ," ಎನ್ನುತ್ತಿದ್ದಳು.

ಚಳಿಗಾಲದಲ್ಲಿ ಸತ್ತವರಿಗೆ ನಮ್ಮಲ್ಲಿ ಗೋಳಾಟವಿಲ್ಲ. ಇಳಿಜಾರು ಬರಿದಾದ ಮೇಲೆ ಹೆಂಗಸರೆಲ್ಲ ಸೇರಿ, ಆ ಚಳಿಗಾಲದ ಸಾವುಗಳಿಗೆಲ್ಲ ಒಟ್ಟಿಗೆ ಅಳುತ್ತಾರೆ. ಮೊದಲೇ ಅತ್ತ ತಾಯಂದಿರನ್ನು ಬೆಸ್ನಾ ಹೆಣದ ಪಕ್ಕದಿಂದಲೇ ಎಳೆದೊಯ್ದು ಕೊಟ್ಟಿಗೆಗೆ ದಬ್ಬಿದ್ದುಂಟು. ಕೂಗಿಗೆ ಹಿಮ ಜಾರುವುದಿಲ್ಲವೆಂದು ಪುಸ್ತಕಗಳಲ್ಲಿದೆ. ಆ ಇಳಿಜಾರಿನ ಕೆಳಗೆ ನಿಂತು ಅದನ್ನು ಗಟ್ಟಿಯಾಗಿ ಓದಿದವರನ್ನು ನಾನು ಕಂಡಿಲ್ಲ.

ಬಿರುಗಾಳಿ ಬಿಡುವು ಕೊಟ್ಟ ಒಂದು ಬೆಳಿಗ್ಗೆ ನಮ್ಮೂರಿನ ತರುಣ ತೆಮೋ ಮೇಲಿನ ಬಯಲಿನ ಬಣವೆಯಿಂದ ಹುಲ್ಲು ತರಲು ಹೋದ. ಹುಲ್ಲಿನ ಕಟ್ಟುಗಳನ್ನು ಹಿಮದ ಮೇಲೆ ಜಾರಿಸಿ ಊರಿಗಿಳಿಸುವುದು ರೂಢಿ. ಬಲ್ಲವರು ಗುಡ್ಡದ ಬೆನ್ನಿನ ಮೇಲಿಂದ, ಹಿಮ ಕುಸಿಯದ ಕಡೆಯಿಂದ ಜಾರಿಸುತ್ತಾರೆ. ಕುರಿಗಳು ಹಸಿದಿದ್ದವು. ಅವನು ಅವಸರಕ್ಕೆ ಇಳಿಜಾರನ್ನು ಅಡ್ಡಲಾಗಿ ಸೀಳಿಕೊಂಡು ಹೊರಟ. ಇಳಿಜಾರಿನ ಅರ್ಧ ಹಿಮ ಅವನನ್ನು ಹೊತ್ತುಕೊಂಡು ಇಳಿಯಿತು. ಉಳಿದರ್ಧ ಮೇಲೆ ನೇತಾಡುತ್ತಿತ್ತು. ಅದರಡಿಯಲ್ಲೇ ಊರಿನ ಗಂಡಸರು ಉದ್ದನೆಯ ಕೋಲುಗಳಿಂದ ಹಿಮ ಚುಚ್ಚಿ ಹುಡುಕತೊಡಗಿದರು. ಗಾಳಿ ಮತ್ತೆ ಎದ್ದಿತು.

ಊರೆಲ್ಲ ಮಾಳಿಗೆಗಳ ಮೇಲೆ ನಿಂತಿತ್ತು. ಮಕ್ಕಳ ಬಾಯಿಗೆ ಮೊಲೆ, ಮುದುಕರ ಕೆಮ್ಮಿಗೆ ಕಂಬಳಿ. ಹಿಂದಿನ ಚಳಿಗಾಲಗಳಲ್ಲಿ ಹೋದವರೂ ಬಂದು ನಮ್ಮ ಹಿಂದೆ ನಿಂತು ಕಿವಿಗೊಟ್ಟಿದ್ದಾರೆ ಅನ್ನಿಸುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ.

ತೆಮೋನ ಹೆಂಡತಿ ಜೆರೇಯ ರಟ್ಟೆಯನ್ನು ಬೆಸ್ನಾ ಬಿಗಿಯಾಗಿ ಹಿಡಿದಿದ್ದಳು.

"ಒಂದೇ ಸಲ ಕೂಗ್ತೀನಿ, ಅಕ್ಕಾ. ನನ್ನ ದನಿ ಕೇಳಿದ್ರೆ ಉಸಿರು ಹಿಡ್ಕೊಂಡಿರ್ತಾನೆ," ಎಂದು ಜೆರೇ ಪಿಸುಗುಟ್ಟಿದಳು.

"ಅವನ ನರಳಾಟ ಕೇಳ್ಸುತ್ತೇನೋ ಅಂತ ಅವ್ರು ಹಿಮಕ್ಕೆ ಕಿವಿ ಹಚ್ಚಿದಾರೆ. ಬಾಯ್ಮುಚ್ಚು."

"ನಿನ್ನ ಗಂಡ ಆಗಿದ್ರೆ?"

"ನನ್ನ ಗಂಡ ಆಗಿದ್ರೆ ಅಡ್ಡ ಸೀಳ್ತಿರ್ಲಿಲ್ಲ."

ಆ ಹೊತ್ತಿನಲ್ಲಿ ಆಡುವ ಮಾತೇ ಅದು?

ಸಿಕ್ಕವನಿಗೆ ಜೀವವಿದ್ದರೆ ಕೋಲೆತ್ತಿ ತೋರಿಸುತ್ತಾರೆ, ಇಲ್ಲವಾದರೆ ಕೋಲನ್ನು ಹಿಮದ ಮೇಲೆ ಮಲಗಿಸುತ್ತಾರೆ. ಮಧ್ಯಾಹ್ನದ ಮಬ್ಬಿನಲ್ಲಿ ಕೋಲುಗಳು ಒಂದೊಂದಾಗಿ ಮಲಗಿದವು. ಹೆಣವನ್ನು ಬಿಟ್ಟು ಬರುವವರಲ್ಲ ನಮ್ಮವರು. ನೇತಾಡುವ ಹಿಮದ ಕೆಳಗೆ ಅಗೆಯುತ್ತಲೇ ಇದ್ದರು.

ಜೆರೇ ಬಾಯಿ ತೆರೆದಳು.

ಬೆಸ್ನಾ ತನ್ನ ಅಂಗಿಯ ತೋಳನ್ನು ಮೊಣಕೈವರೆಗೆ ಸರಿಸಿ, ಬರಿಯ ಮುಂಗೈಯನ್ನು ಆ ಹಲ್ಲುಗಳ ನಡುವೆ ಇಟ್ಟಳು.

"ಇಲ್ಲಿ ಅಳು," ಎಂದಳು.

ರಕ್ತ ಮೊಣಕೈವರೆಗೆ ಇಳಿಯಿತು. ಕೊನೆಯ ಗಂಡಸು ಇಳಿಜಾರಿನಿಂದ ಆಚೆ ಬರುವವರೆಗೂ ಅವಳು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.