ಅತ್ತೆಯ ಕಿವಿಗೆ ಬಂದ ಅಪ್‌ಡೇಟ್

ತೆಳ್ಳಗಿನ ಲ್ಯಾಪ್‌ಟಾಪ್ ಕಂಡರೆ ಸೌಮ್ಯಾಗೆ ಮೈಯೆಲ್ಲ ಉರಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಹೊಸದಾಗಿ ಸೇರಿದವರಿಗೆ ಲ್ಯಾಪ್‌ಟಾಪ್ ಕೊಡುವುದು, ಕೆಟ್ಟು ಬಂದದ್ದನ್ನು ತೆಗೆದುಕೊಳ್ಳುವುದು ಅವಳ ಕೆಲಸ. ಕೆಟ್ಟು ಬಂದದ್ದನ್ನು ಬಿಚ್ಚಿದರೆ ಒಳಗೆಲ್ಲ ಅಂಟು. ಬ್ಯಾಟರಿಗೆ ಅಂಟು, ಕೀಬೋರ್ಡಿಗೆ ಅಂಟು. ಮೆಮೊರಿಯನ್ನಂತೂ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ.

"ಹಪ್ಪಳದ ಥರ ತೆಳ್ಳಗೆ ಮಾಡಿದ್ದಾರೆ ನೋಡ್ರೀ," ಎಂದು ಪಕ್ಕದ ಮೇಜಿನ ಮಲ್ಲಿಕ್‌ಗೆ ತೋರಿಸುತ್ತಾಳೆ. "ಹಪ್ಪಳ ಆಗಿದ್ರೆ ಊಟಕ್ಕಾದ್ರೂ ಆಗ್ತಿತ್ತು."

ಮಲ್ಲಿಕ್ ಹತ್ತು ವರ್ಷದಿಂದ ಇದನ್ನು ಕೇಳಿಸಿಕೊಂಡು ಬಂದವನು. "ಮೇಡಂ ಶುರು ಮಾಡಿದ್ರು" ಎಂದು ನಕ್ಕು ಕಾಫಿ ತರಲು ಏಳುತ್ತಾನೆ.

ಕ್ಯಾಂಟೀನಿನಲ್ಲಿ ಅವಳ ಸುತ್ತ ಜನ ಸೇರುವುದೂ ಇದಕ್ಕೇ. ಯಾವ ಫೋನ್ ತಗೊಳ್ಳಲಿ, ಯಾವ ಪ್ರಿಂಟರ್ ಒಳ್ಳೇದು ಎಂದು ಕೇಳಲು ಬಂದವರಿಗೆ ಉತ್ತರಕ್ಕೆ ಮುಂಚೆ ಬೈಗುಳ ಸಿಗುತ್ತದೆ, ಅವರಿಗಲ್ಲ, ಮಾಡಿದವರಿಗೆ. ಫೋನಿನ ಡಬ್ಬಿಯಲ್ಲಿ ಚಾರ್ಜರ್ ಇಡುವುದನ್ನು ನಿಲ್ಲಿಸಿದಾಗ ಅವಳು ವಾರಗಟ್ಟಲೆ ಕೂಗಾಡಿದ್ದಳು. "ಪರಿಸರ ಉಳಿಸ್ತಾರಂತೆ! ಚಾರ್ಜರನ್ನ ಬೇರೆ ಡಬ್ಬಿಯಲ್ಲಿಟ್ಟು ಮಾರಿದ್ರೆ ಪರಿಸರ ಉಳಿಯುತ್ತಾ?" ಪ್ರಿಂಟರ್ ಬಗ್ಗೆ ಅವಳ ಮಾತು ಇಡೀ ಮಹಡಿಗೆ ಬಾಯಿಪಾಠ: "ಅದು ಪ್ರಿಂಟರ್ ಅಲ್ಲ, ಇಂಕ್ ಮಾರೋಕೆ ಅಂತ ನಿಮ್ಮನೇಲಿ ತಂದು ಕೂರಿಸಿರೋ ಏಜೆಂಟು."

ಹಾಗಂತ ಯಂತ್ರಗಳನ್ನು ಕಂಡರೆ ಆಗದವಳೇನಲ್ಲ. ಪ್ರೀತಿ ಜಾಸ್ತಿ, ಅದಕ್ಕೇ ಸಿಟ್ಟೂ ಜಾಸ್ತಿ. ದಾವಣಗೆರೆಯಿಂದ ಹೊಸದಾಗಿ ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಒಂದೊಂದೇ ಬಿಡಿಭಾಗ ಆರಿಸಿ, ಕ್ಯಾಬಿನೆಟ್ಟನ್ನು ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪಿ.ಜಿ.ಗೆ ತಂದವಳು ಅವಳು. ತಾನೇ ಜೋಡಿಸಿದ ಕಂಪ್ಯೂಟರ್ ಮೊದಲ ಸಲ ಬೆಳಗಿದಾಗ ರೂಮಿನವರನ್ನೆಲ್ಲ ಕರೆದು ತೋರಿಸಿದ್ದಳು. ತೆರೆದು ನೋಡಲು ಬಾರದ ವಸ್ತು ತನ್ನದಲ್ಲ ಎಂಬ ನಂಬಿಕೆ ಅವಳಿಗೆ ಅಂಟಿಕೊಂಡದ್ದು ಆಗಲೇ.

ಇಂಥವಳ ಮನೆಗೆ, ಬೇಗೂರಿನ ಫ್ಲ್ಯಾಟಿಗೆ, ಅತ್ತೆ ಕಮಲಮ್ಮ ರಾಣೆಬೆನ್ನೂರಿನಿಂದ ಬಂದು ನೆಲೆಸಿದ್ದರು. ಅವರಿಗೆ ಕಿವಿ ಮಂದ. ಸಣ್ಣದೊಂದು ಕಿವಿ ಮಿಷನ್ ಇಟ್ಟುಕೊಳ್ಳುತ್ತಿದ್ದರು. ಅದು ಕುಂಯ್‌ಗುಡುತ್ತಿತ್ತು, ಜನ ಸೇರಿದ ಕಡೆ ಎಲ್ಲ ಸದ್ದನ್ನೂ ಕಲಸಿಹಾಕುತ್ತಿತ್ತು. ಸೌಮ್ಯಾ ಸುಮ್ಮನಿರುತ್ತಾಳೆಯೇ? ತಿಂಗಳುಗಟ್ಟಲೆ ಓದಿದಳು, ವಿಡಿಯೋ ನೋಡಿದಳು, ಕೊನೆಗೆ ಫೋನಿನ ಜೊತೆ ಮಾತಾಡುವ ಹೊಸ ಜೋಡಿ ಮಿಷನ್ ಕೊಡಿಸಿದಳು. ವೈಟ್‌ಫೀಲ್ಡಿನ ಶೋರೂಮಿನಲ್ಲಿ ಕಮಲಮ್ಮನ ಕಿವಿ ಪರೀಕ್ಷೆ ಮಾಡಿ, ಯಾವ ಸ್ವರ ಎಷ್ಟು ಏರಬೇಕು, ಯಾವುದು ಎಷ್ಟು ಇಳಿಯಬೇಕು ಎಂದು ಮಿಷನ್ನನ್ನು ಅವರ ಕಿವಿಗೇ ಹೊಂದಿಸಿಕೊಟ್ಟರು.

ಕಮಲಮ್ಮನ ಬದುಕೇ ಬೇರೆಯಾಯಿತು. ಬೆಳಿಗ್ಗೆ ಫೋನಿನಿಂದ ನೇರ ಕಿವಿಗೇ ವಚನ ಗಾಯನ. ಸಂಜೆ ನಾಗೇಶ್ವರ ಗುಡಿಯ ಅಂಗಳದಲ್ಲಿ ಹೆಂಗಸರ ಭಜನೆ, ಆಮೇಲೆ ಕಟ್ಟೆಯ ಮೇಲೆ ಮಾತು. ಹಳೇ ಬೇಗೂರಿನ ರುದ್ರಮ್ಮ ಅವರ ಆಪ್ತ ಗೆಳತಿಯಾದರು. ಯಾರ ಮನೆಯಲ್ಲಿ ಮದುವೆ ಕೂಡಿಬಂತು, ಯಾರ ಸೊಸೆ ಮುನಿಸಿಕೊಂಡು ಹೋದಳು, ಎಲ್ಲ ಸುದ್ದಿ ಕಮಲಮ್ಮನ ಕಿವಿಗೆ ಬೀಳತೊಡಗಿತು. "ನಿನ್ನ ಹೆಂಡ್ತಿ ನನಗ ಕಿವಿ ಕೊಟ್ಟಾಳ" ಎಂದು ಮಗ ಕೊಟ್ರೇಶನ ಮುಂದೆ ಹೇಳಿದ್ದೇ ಹೇಳಿದ್ದು.

ಒಂದು ಬೆಳಿಗ್ಗೆ ಕಮಲಮ್ಮನ ಫೋನಿನಲ್ಲಿ ಇಂಗ್ಲಿಷಿನ ಬರಹವೊಂದು ಬಂದು ನಿಂತಿತ್ತು. ಕೆಳಗೆ ಒಂದೇ ಗುಂಡಿ. ಅದನ್ನು ಒತ್ತದೆ ಫೋನ್ ಮುಂದಕ್ಕೆ ಹೋಗದು. ಅವರು ಒತ್ತಿದರು. ಅಷ್ಟೇ. ಮಿಷನ್ನಿಗಿದ್ದ ಆ್ಯಪ್ ತನ್ನಷ್ಟಕ್ಕೆ ಹೊಸದಾಗಿ, ಈ ಮಾದರಿಗೆ ಇನ್ನು ಬೆಂಬಲವಿಲ್ಲ ಎಂದು ಹೇಳಿ, ಅವರ ಕಿವಿಗೆಂದು ಹೊಂದಿಸಿದ್ದನ್ನೆಲ್ಲ ಅಳಿಸಿಹಾಕಿತು. ಕಿವಿಯೊಳಗೆ ಉಳಿದದ್ದು ನೀರೊಳಗೆ ಯಾರೋ ಮಾತಾಡಿದಂಥ ಗೊಣಗು.

ಸೌಮ್ಯಾ ಆಫೀಸಿಗೆ, ಕೊಟ್ರೇಶ ಪೀಣ್ಯದ ಫ್ಯಾಕ್ಟರಿಗೆ ಹೋಗಿಯಾಗಿತ್ತು. ಸರಿಹೋಗುತ್ತದೆ ಬಿಡು ಎಂದುಕೊಂಡು ಕಮಲಮ್ಮ ಸಂಜೆ ಎಂದಿನಂತೆ ಗುಡಿಗೆ ಹೋದರು. ರುದ್ರಮ್ಮ ಕಟ್ಟೆಯ ಮೇಲೆ ಕೂತಿದ್ದರು. ಊರಿಂದ ತಮ್ಮ ಬರುತ್ತಾನೆ ಎಂದು ಬಹಳ ದಿನದಿಂದ ಹೇಳುತ್ತಿದ್ದವರು.

"ನನ್ ತಮ್ಮ ಹೋಗ್ಬಿಟ್ಟ ಕಮಲಮ್ಮ" ಎಂದರು ರುದ್ರಮ್ಮ.

ಕಮಲಮ್ಮನಿಗೆ ಕೇಳಿಸಿದ್ದು ತಮ್ಮ ಎಂಬುದು, ಬಿಟ್ಟ ಎಂಬುದು. ನಡುವಿನದನ್ನು ತಾವೇ ತುಂಬಿಕೊಂಡರು. ಮುಖ ಅರಳಿಸಿ ಅವರ ಕೈ ಹಿಡಿದು, "ಬಂದುಬಿಟ್ನ? ಭಾಳ ಚಲೋ ಆತು ಬಿಡವ್ವ! ಎಷ್ಟ್ ದಿನದಿಂದ ಕಾಯಾಕತ್ತಿದ್ದಿ" ಎಂದರು.

ಸುತ್ತ ಕೂತವರೆಲ್ಲ ಕಮಲಮ್ಮನ ಕಡೆ ತಿರುಗಿ ನೋಡಿದರು. ರುದ್ರಮ್ಮ ಕೈ ಬಿಡಿಸಿಕೊಂಡು ಎದ್ದು ಹೋದರು. ಏನಾಯಿತೆಂದು ಕಮಲಮ್ಮನಿಗೆ ಇನ್ನೊಬ್ಬರು ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಬೇಕಾಯಿತು.

ಸೌಮ್ಯಾ ಮನೆಗೆ ಬಂದಾಗ ದೀಪವನ್ನೂ ಹಾಕದೆ ಅತ್ತೆ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದರು. ಮಿಷನ್ನುಗಳು ಮೇಜಿನ ಮೇಲಿದ್ದವು. "ಆಕಿ ಎದಿ ಒಡದಿತ್ತು, ನಾನು ನಕ್ಕೆ" ಎಂದು ನಡೆದದ್ದನ್ನು ಹೇಳಿದರು. ಮರುದಿನದಿಂದ ಹೊರಗೆ ಕಾಲಿಡಲಿಲ್ಲ.

ಸೌಮ್ಯಾಗೆ ಬಂದ ಸಿಟ್ಟು ಚಾರ್ಜರಿನ ಸಿಟ್ಟಲ್ಲ, ಪ್ರಿಂಟರಿನದಲ್ಲ. ಅದನ್ನೆಲ್ಲ ಬಾಯಿತುಂಬ ಬೈದು ನಗಬಹುದಿತ್ತು. ಇದು ಬೈದರೆ ಇಳಿಯುವಂಥದ್ದಲ್ಲ. ಊರಿಗೆಲ್ಲ ಅಂಟಿನ ಬಗ್ಗೆ ಎಚ್ಚರಿಕೆ ಹೇಳುವವಳು, ಈ ಮಿಷನ್ ಕೊಳ್ಳುವಾಗ ಆ್ಯಪ್ ನಿಂತರೆ ಏನು ಗತಿ ಎಂದು ಒಂದು ಮಾತು ಕೇಳಿರಲಿಲ್ಲ. ಅದೂ ಸೇರಿ ಇನ್ನಷ್ಟು ಉರಿಯಿತು. ಸಹಾಯವಾಣಿಗೆ ಫೋನ್ ಮಾಡಿದರೆ ಸಂಗೀತ ಕೇಳಿಸಿ ಕೇಳಿಸಿ, ಹತ್ತಿರದ ಶೋರೂಮಿಗೆ ಹೋಗಿ ಎಂದರು. ಶನಿವಾರ ಅತ್ತೆಯನ್ನು ಒತ್ತಾಯದಿಂದ ಹೊರಡಿಸಿಕೊಂಡು ವೈಟ್‌ಫೀಲ್ಡಿಗೆ ಹೋದಳು.

ಶೋರೂಮಿನಲ್ಲಿದ್ದ ಹುಡುಗಿಯ ಹೆಸರು ಭಾಗ್ಯಶ್ರೀ. ಮಿಷನ್ನನ್ನು ಕೇಬಲಿಗೆ ಸಿಕ್ಕಿಸಿ ನೋಡಿ, ಮೆಲ್ಲಗೆ ಹೇಳಿದಳು. "ಮೇಡಂ, ಈ ಮಾಡೆಲ್ ಎಂಡ್ ಆಫ್ ಲೈಫ್ ಆಗಿದೆ."

"ಯಾರ ಲೈಫು?" ಎಂದಳು ಸೌಮ್ಯಾ. "ಇವರ ಕಿವಿ ಹಾಗೇ ಇದೆ. ಮಿಷನ್ ಹಾಗೇ ಇದೆ, ಒಂದು ಗೀರೂ ಬಿದ್ದಿಲ್ಲ. ಮತ್ತೆ ಎಂಡ್ ಆಗಿದ್ದು ಏನು?"

"ಕಂಪನಿಯವರು ನಮ್ಮ ಸಾಫ್ಟ್‌ವೇರಲ್ಲಿ ಈ ಮಾಡೆಲನ್ನ ಲಾಕ್ ಮಾಡಿದ್ದಾರೆ ಮೇಡಂ. ಮುಂಚೆ ಇಲ್ಲೇ ಹೊಂದಿಸಿಕೊಡ್ತಿದ್ವಿ. ಈಗ ಹೆಸರೇ ತೋರಿಸಲ್ಲ. ಹೊಸ ಮಾಡೆಲಿಗೆ ಎಕ್ಸ್‌ಚೇಂಜ್ ಇದೆ..."

"ಅಂದ್ರೆ ಸರಿಮಾಡೋಕೆ ಆಗಲ್ಲ ಅಂತಲ್ಲ. ಸರಿಮಾಡಬಾರದು ಅಂತ ಬೀಗ ಹಾಕಿದ್ದೀರಿ. ನಾಳೆ ಕನ್ನಡಕದ ಅಂಗಡಿಯವರು ರಾತ್ರೋರಾತ್ರಿ ಬಂದು ನನ್ನ ಗಾಜಿಗೆ ಮಸಿ ಬಳಿದು, ಹೊಸದು ತಗೊಳ್ಳಿ ಅಂದ್ರೆ ಸುಮ್ಮನಿರ್ತೀನಾ? ನಾಚಿಕೆ ಆಗಲ್ವಾ ನಿಮಗೆ?"

ಅವಳ ದನಿ ಏರುತ್ತಲೇ ಹೋಯಿತು. ಭಾಗ್ಯಶ್ರೀ ತಲೆ ತಗ್ಗಿಸಿ ನಿಂತಳು, ಕಣ್ಣು ತುಂಬಿಕೊಂಡಿತು. ಒಂದು ಮಾತೂ ಕೇಳಿಸದ ಕಮಲಮ್ಮನಿಗೆ ಆ ಕಣ್ಣು ಕಂಡಿತು. ಎದ್ದು ಹೋಗಿ ಹುಡುಗಿಯ ಗಲ್ಲ ಮುಟ್ಟಿ, ಸೊಸೆಯ ಕಡೆ ತಿರುಗಿದರು. "ಈ ಕೂಸಿಗೆ ಯಾಕ ಬೈತಿ? ಈಕೀನ ಮಾಡ್ಯಾಳೇನು? ಮಾಡಿದವ್ರ ಎಲ್ಲಿ ಕುಂತಾರ ಕೇಳು, ಅಲ್ಲಿಗೆ ಹೋಗೂಣು."

ಭಾಗ್ಯಶ್ರೀ ಕಣ್ಣೊರೆಸಿಕೊಂಡು, ಆ ವಾರವೆಲ್ಲ ಇದೇ ದೂರು ಹೊತ್ತು ಬಂದವರು ಬಹಳ ಜನ ಎಂದಳು. ಆಫೀಸು ಎಲ್ಲಿದೆ ಎಂಬುದನ್ನೂ ಹೇಳಿದಳು. ಮಹದೇವಪುರದ ರಿಂಗ್ ರೋಡಿನ ಮೇಲೆ, ಗಾಜಿನ ಟೆಕ್ ಪಾರ್ಕಿನಲ್ಲಿ.

ಆ ರಾತ್ರಿಯೇ ಸೌಮ್ಯಾ ಮಿಷನ್ನನ್ನು ಕೈಯಲ್ಲಿ ಹಿಡಿದು, ನಡೆದದ್ದನ್ನು ಕನ್ನಡದಲ್ಲಿ ಹೇಳಿ ವಿಡಿಯೋ ಹಾಕಿದಳು. ನಮ್ಮದೂ ಹೀಗೇ ಎಂದು ಜನ ಬರೆಯತೊಡಗಿದರು. ಜಾಲಹಳ್ಳಿಯ ನಿವೃತ್ತ ಹೆಡ್‌ಮಾಸ್ಟರ್ ಈರಪ್ಪನವರು ಬರೆದರು. ಮಾಕಳಿಯಿಂದ ಯಮನಪ್ಪ ಎಂಬವನ ಮಗಳು ಫೋನ್ ಮಾಡಿದಳು. ತಗಡು ಒತ್ತುವ ಪ್ರೆಸ್ಸಿನ ಸದ್ದಿಗೆ ಅಪ್ಪನ ಕಿವಿ ಹೋಗಿತ್ತು, ಮಾಲೀಕರೇ ಈ ಮಿಷನ್ ಕೊಡಿಸಿದ್ದರು, ಈಗ ಸೈರನ್ ಕೇಳಿಸುವುದಿಲ್ಲವೆಂದು ಅಪ್ಪನನ್ನು ಯಂತ್ರದಿಂದ ಇಳಿಸಿ ಗೇಟಿನಲ್ಲಿ ಕೂರಿಸಿದ್ದಾರೆ ಎಂದಳು.

ಇಷ್ಟರ ನಡುವೆ ಸೌಮ್ಯಾ ಇನ್ನೊಂದು ಕೆಲಸ ಮಾಡಿದಳು. ರುದ್ರಮ್ಮನ ಮನೆಗೆ ಹೋಗಿ ಅವರ ಮುಂದೆ ಕೂತು, ಆ ದಿನ ಅತ್ತೆಗೆ ಏನು ಕೇಳಿಸಿತ್ತು ಎಂದು ವಿವರಿಸಿದಳು. ರುದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. ಆಮೇಲೆ, "ಅಯ್ಯೋ, ಅವ್ರ ಮನಸಿಗೆ ಎಷ್ಟ್ ನೊಂದಿರ್ಬೇಕು" ಎಂದವರೇ ಚಪ್ಪಲಿ ಮೆಟ್ಟಿ ಸೌಮ್ಯಾಳ ಜೊತೆಗೇ ಹೊರಟುಬಂದರು. ಇಬ್ಬರು ಮುದುಕಿಯರೂ ಬಹಳ ಹೊತ್ತು ಕೈ ಹಿಡಿದು ಕೂತಿದ್ದರು. ದೂರಿದವರೆಲ್ಲ ಸೇರಿ ಮಹದೇವಪುರದ ಆಫೀಸಿಗೆ ಹೋಗುವ ವಿಷಯ ತಿಳಿದಾಗ ರುದ್ರಮ್ಮ, "ನಾನೂ ಬರ್ತೀನಿ" ಎಂದರು. ಕೊಟ್ರೇಶ ಫ್ಯಾಕ್ಟರಿಗೆ ರಜೆ ಹಾಕಿ ವ್ಯಾನ್ ಗೊತ್ತುಮಾಡಿದ.

ಗಾಜಿನ ಕಟ್ಟಡದ ಬಾಗಿಲಲ್ಲಿ ಸೆಕ್ಯುರಿಟಿಯವನು ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳಿದ. ಮುಂದೆ ನಡೆಯುತ್ತಿದ್ದವರಿಗೆ ಕೇಳಿಸಲಿಲ್ಲ. ಅವನು ತಡೆಯುವ ಹೊತ್ತಿಗೆ ಹಿರಿಯರೆಲ್ಲ ಒಳಗೆ ಹೋಗಿ ಸೋಫಾಗಳ ಮೇಲೆ ಕೂತಾಗಿತ್ತು. ಅವರು ಏಳುವ ಲಕ್ಷಣ ಕಾಣದಿದ್ದಾಗ ಮ್ಯಾನೇಜರ್ ಒಬ್ಬರು ಇಳಿದು ಬಂದರು. ಮೊದಲು ಸೆಕ್ಯುರಿಟಿಯವನ ಕಿವಿಯಲ್ಲಿ ಏನೋ ಹೇಳಿ, ಆಮೇಲೆ ನಗುಮುಖದಿಂದ ಇವರ ಕಡೆ ತಿರುಗಿದರು.

"ಮೇಡಂ, ಆಕ್ಚುಲಿ ಇದು ನಮ್ಮ ಗ್ಲೋಬಲ್ ಡಿಸಿಷನ್..."

ಹೆಡ್‌ಮಾಸ್ಟರ್ ಈರಪ್ಪನವರು ಕಿವಿಗೆ ಕೈ ಅಡ್ಡ ಹಿಡಿದರು. "ಜೋರಾಗಿ ಹೇಳಿ ಸಾರ್!"

ಮ್ಯಾನೇಜರ್ ಸ್ವಲ್ಪ ಏರಿಸಿ ಹೇಳಿದರು. "ಏನಂತಾನ?" ಎಂದರು ಕಮಲಮ್ಮ, ಪಕ್ಕದವರ ಮುಖ ನೋಡುತ್ತ.

"ಮೇಡಂ, ನೀವೇ ಅವರಿಗೆ ತಿಳಿಸಿ ಹೇಳಬಹುದಲ್ಲ? ಮೀಟಿಂಗ್ ರೂಮಿಗೆ ಹೋಗೋಣ ಬನ್ನಿ."

"ನಾನ್ಯಾಕೆ ಹೇಳಲಿ?" ಎಂದಳು ಸೌಮ್ಯಾ. "ಕಿವಿ ಕಿತ್ತುಕೊಂಡವರು ನೀವು. ನೀವೇ ಹೇಳಿ. ಇಲ್ಲೇ ಹೇಳಿ, ಅವರಿಗೆ ಕೇಳಿಸೋ ಹಾಗೆ ಹೇಳಿ."

ಬೇರೆ ದಾರಿಯಿಲ್ಲದೆ ಮ್ಯಾನೇಜರ್ ಕೂಗಿದರು. "ನಿಮ್ಮ ಮಿಷನ್ ಹಳೇದಾಯ್ತು! ನಾವು ಸಪೋರ್ಟ್ ನಿಲ್ಲಿಸಿದ್ದೀವಿ! ಹೊಸದು ತಗೋಬೇಕು!"

ಆ ಎತ್ತರದ ಲಾಬಿಯಲ್ಲಿ ಮಾತು ಮೇಲಕ್ಕೇರಿ ಮತ್ತೆ ಕೆಳಗಿಳಿಯಿತು. ಕಾಫಿ ಲೋಟ ಹಿಡಿದು ಹೋಗುತ್ತಿದ್ದವರು, ಲಿಫ್ಟಿಗೆ ಕಾಯುತ್ತಿದ್ದವರು, ಎಲ್ಲ ನಿಂತು ತಿರುಗಿದರು.

ಯಮನಪ್ಪ ಎದ್ದು ನಿಂತ. "ಹಳೇದು ಆಗಿಲ್ರೀ ಸರ. ಕೆಟ್ಟಿಲ್ಲ. ನೀವ ಕೆಡಿಸೀರಿ."

"ನನ್ನ ಕಿವಿಗೆ ಏನೂ ಆಗಿಲ್ಲ," ಎಂದರು ರುದ್ರಮ್ಮ ಮುಂದೆ ಬಂದು. "ಅದಕ್ಕೇ ನೀವು ಮೊದ್ಲು ಸೆಕ್ಯುರಿಟಿಗೆ ಹೇಳಿದ್ದೂ ನಂಗೆ ಕೇಳಿಸ್ತು. ಈ ಮುದುಕರನ್ನ ಹೆಂಗಾದ್ರೂ ಮಾಡಿ ಸಾಗಹಾಕು ಅಂದ್ರಲ್ಲ? ಅದನ್ನೂ ಜೋರಾಗಿ ಹೇಳಿ, ಎಲ್ರೂ ಕೇಳಿಸ್ಕೊಳ್ಲಿ."

ಮ್ಯಾನೇಜರರ ಮುಖ ಕೆಂಪಾಯಿತು. ನಿಂತವರಲ್ಲಿ ಯಾರೋ ಫೋನ್ ಎತ್ತಿ ಹಿಡಿದಿದ್ದರು. ಮ್ಯಾನೇಜರ್ ಮೂಲೆಗೆ ಹೋಗಿ ಯಾರ ಜೊತೆಗೋ ಮಾತಾಡಿ ಬಂದು, ಮೇಲಿನವರಿಗೆ ತಿಳಿಸಿದ್ದೇನೆ, ಸ್ವಲ್ಪ ಸಮಯ ಕೊಡಿ ಎಂದರು. ಅದನ್ನೂ ಕೂಗಿಯೇ ಹೇಳಬೇಕಾಯಿತು.

ಕೆಲವು ದಿನ ಕಳೆದು ಭಾಗ್ಯಶ್ರೀಯ ಫೋನ್ ಬಂತು. "ಮೇಡಂ, ಲಾಕ್ ತೆಗೆದಿದ್ದಾರೆ! ಮಾಡೆಲ್ ಹೆಸರು ಕಾಣಿಸ್ತಿದೆ, ಅಮ್ಮನ್ನ ಕರ್ಕೊಂಡು ಬನ್ನಿ." ಅವಳ ದನಿಯಲ್ಲಿ ತನ್ನದೇ ಏನೋ ಗೆದ್ದ ಸಂಭ್ರಮವಿತ್ತು. ಶೋರೂಮಿನಲ್ಲಿ ಮಿಷನ್ ಮತ್ತೆ ಹೊಂದಿಸಿ ಕಿವಿಗಿಟ್ಟ ಮೇಲೆ, "ಕೇಳಿಸ್ತಾ ಅತ್ತೆ?" ಎಂದು ಸೌಮ್ಯಾ ರೂಢಿಯಂತೆ ಕಿರುಚಿದಳು. ಕಮಲಮ್ಮ ಬೆಚ್ಚಿ ಹಿಂದೆ ಸರಿದು, "ಯಾಕ ಹಿಂಗ ಒದರ್ತಿ?" ಎಂದರು. ಭಾಗ್ಯಶ್ರೀ ಜೋರಾಗಿ ನಕ್ಕಳು. ಯಮನಪ್ಪನೂ ಗೇಟಿನಿಂದ ಮತ್ತೆ ಪ್ರೆಸ್ಸಿಗೆ ಹೋದನೆಂದು ಅವನ ಮಗಳು ತಿಳಿಸಿದಳು.

ಅಲ್ಲಿಗೆ ಸೌಮ್ಯಾಳ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಕಂಪನಿಯಿಂದ ಬಂದ ಇ-ಮೇಲಿನಲ್ಲಿ ಕ್ಷಮೆಯ ಮಾತಿರಲಿಲ್ಲ. ಸೌಹಾರ್ದದ ದೃಷ್ಟಿಯಿಂದ ಈ ಸೌಲಭ್ಯವನ್ನು ಮುಂದಿನ ಸೂಚನೆಯವರೆಗೆ ಒದಗಿಸಲಾಗಿದೆ ಎಂದಿತ್ತು.

"ಸೌಹಾರ್ದ!" ಎಂದು ಅವಳು ಊಟದ ತಟ್ಟೆಯನ್ನು ಅತ್ತ ಸರಿಸಿದಳು. "ಮನೆಗೆ ನುಗ್ಗಿ ಎತ್ಕೊಂಡು ಹೋದದ್ದನ್ನ ವಾಪಸ್ ತಂದಿಟ್ಟು, ಇದು ನಮ್ಮ ದೊಡ್ಡ ಮನಸ್ಸು ಅಂತಾರೆ. ಅದೂ ಮುಂದಿನ ಸೂಚನೆಯವರೆಗೆ. ನಾಳೆ ಇನ್ನೊಂದು ಬೆಳಿಗ್ಗೆ ಇನ್ನೊಂದು ಗುಂಡಿ ಬಂದ್ರೆ?"

"ಈಗೇನು ಮಾಡ್ಬೇಕು ಅಂತೀಯ?" ಎಂದ ಕೊಟ್ರೇಶ.

"ಗ್ರಾಹಕರ ಆಯೋಗಕ್ಕೆ ಹೋಗ್ತೀವಿ. ಎಲ್ಲರೂ ಸೇರಿ. ಈರಪ್ಪ ಮೇಷ್ಟ್ರು ವಕೀಲರ ಹತ್ರ ಮಾತಾಡಿದ್ದಾರೆ."

ಕೊಟ್ರೇಶ ಮೆಲ್ಲನೆ, ಅಮ್ಮನಿಗೆ ಕೇಳಿಸಬಾರದೆಂದು ತಗ್ಗಿಸಿಯೇ, "ಅಮ್ಮನ್ನ ಅಲ್ಲಿಗೆಲ್ಲ ಯಾಕೆ ಓಡಾಡಿಸೋದು, ನೀನೊಬ್ಬಳೇ ಹೋಗು" ಎಂದ.

ಒಳಕೋಣೆಯಿಂದ ಕಮಲಮ್ಮನ ದನಿ ಬಂತು. "ನಾನೂ ಹೋಗಾಕಿ. ನನ್ನ ಕಿವಿ ವಿಷಯ, ನಾನ ಮಾತಾಡ್ತೀನಿ."