ಸುಮನಾ ಟೀಚರ ಚೌಕದ ರಾಕೆಟ್

ನನ್ನ ಹೆಸರು ಶಾಂತಕ್ಕ. ಶಾಂತಿ ಹೆಸರಿನಲ್ಲಷ್ಟೇ ಇದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಬಾಳೆಹೊನ್ನೂರಿನಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿರುವ ಈ ಸಣ್ಣ ಶಾಲೆಯಲ್ಲಿ ಬಿಸಿಯೂಟ ಮಾಡುವವಳು ನಾನು. ಸುಮನಾ ಟೀಚರ್ ಬಂದ ಮೇಲೆ ನನ್ನ ಸೌಟೂ ಗಣಿತ ಕಲಿಯಬೇಕಾಯಿತು.

ಜಯಪುರದಿಂದ ಬೆಳಗಿನ ಬಸ್ಸಿಗೆ ಬರುವ ಅತಿಥಿ ಶಿಕ್ಷಕಿ ಅವಳು. ಎದುರಿಗೆ ಟೀಚರೇ ಎನ್ನುತ್ತೇನೆ, ಮನಸ್ಸಿನಲ್ಲಿ ನನ್ನ ಮಗಳ ವಯಸ್ಸಿನ ಹುಡುಗಿ. ಗಂಟಲು ಸಣ್ಣದು, ಹಟ ದೊಡ್ಡದು. ಮೂರನೇ ಕ್ಲಾಸಿನ ಮಕ್ಕಳಿಗೆ ಚೌಕದ ಹಾಳೆ ಕೊಡುತ್ತಾಳೆ. ಕೆಳಗಿನ ಅಂಚಿಗೂ ಅಂಕಿ, ಎಡಗಡೆಯ ಅಂಚಿಗೂ ಅಂಕಿ. ‘ಮೂರು, ಐದು, ಹಸಿರು’ ಎಂದರೆ ಕೆಳಗಿನ ಮೂರು ಹುಡುಕಿ, ಅಲ್ಲಿಂದ ಮೇಲಕ್ಕೆ ಎಡ ಅಂಚಿನ ಐದರ ಸಾಲಿಗೆ ಹೋಗಿ, ಆ ಚೌಕಕ್ಕೆ ಹಸಿರು ತುಂಬಬೇಕು. ಯಾವ ಚಿತ್ರವೆಂದು ಮೊದಲೇ ಹೇಳುವುದಿಲ್ಲ. ತುಂಬುತ್ತಾ ತುಂಬುತ್ತಾ ಕಪ್ಪೆಯೋ ಕಮಲವೋ ಮೂಡಿದಾಗ ಮಕ್ಕಳು ಹಾಕುವ ಕೂಗಿಗೆ ಓಡಿಹೋಗಿ ನೋಡಿ, ಒಲೆಯ ಮೇಲಿನ ಸಾರು ಉಕ್ಕಿಸಿಕೊಂಡಿದ್ದೇನೆ. ಊಟಕ್ಕೆ ಕೂತರೂ ಅದೇ ಹುಚ್ಚು. ಜಗಲಿಯ ಟೈಲ್ಸ್ ಎಣಿಸಿ, ‘ಶಾಂತಕ್ಕ, ನಾಲ್ಕು, ಎರಡಕ್ಕೆ ಸಾರು’ ಎನ್ನುತ್ತವೆ. ಬೈಯುತ್ತೇನೆ. ಬೈದುಕೊಂಡೇ ಸರಿಯಾದ ತಟ್ಟೆಗೆ ಬಡಿಸುತ್ತೇನೆ.

ಶಾಲಾ ಸಮಿತಿಯ ರೇಣುಕಪ್ಪನವರಿಗೆ ಮಾತ್ರ ಇದು ಸರಿಬರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಯಜಮಾನರು, ಮಗ್ಗಿ ಉರುಹೊಡೆದು ಬೆಳೆದವರು. ಬಣ್ಣ ಬಳಿಯುವುದೂ ಒಂದು ಪಾಠವೇ ಎಂದು ಸಭೆಯಲ್ಲೇ ಕೇಳಿದರು. ಹೌದು ಎಂದಳು ಹುಡುಗಿ. ಹಾಗಾದರೆ ಶಾಲೆಯ ಬಿಳಿ ಗೋಡೆಯ ಮೇಲೆ ಮಕ್ಕಳೇ ಮಾಡಿ ತೋರಿಸಲಿ, ಬಣ್ಣ ನಾನು ಕೊಡುತ್ತೇನೆ, ಟೀಚರು ಆ ಕಡೆ ತಿರುಗಿಯೂ ನೋಡಬಾರದು, ಚಿತ್ರ ಸರಿಬರದಿದ್ದರೆ ಬಣ್ಣದ ಪಿರಿಯಡ್ ಬಂದ್ ಎಂದರು. ಆ ಪಿರಿಯಡ್ಡೆಂದರೆ ಅವಳಿಗೆ ಜೀವ. ನನಗೆ ಮೈಯೆಲ್ಲ ಉರಿದುಹೋಯಿತು.

ಶನಿವಾರ ಅಪ್ಪ ಅಮ್ಮಂದಿರೆಲ್ಲ ಬಂದರು. ಗೋಡೆಯ ಮೇಲೆ ಚೌಕಗಳು ಸಿದ್ಧವಾಗಿದ್ದವು. ತೋಟದ ಕೆಲಸಕ್ಕೆ ಹೋಗುವ ಐತನ ಮಗಳು ಪವಿತ್ರಾ ಅವುಗಳ ಅಂಚಿಗೆ ಸೀಮೆಸುಣ್ಣದಲ್ಲಿ ಅಂಕಿ ಬರೆದಳು. ಟೀಚರ್ ಗೋಡೆಗೆ ಬೆನ್ನು ಹಾಕಿ ಕೂತು ತನ್ನ ಹಾಳೆ ನೋಡಿಕೊಂಡು ಓದುತ್ತಾ ಹೋದಳು, ಮಕ್ಕಳು ಬಳಿಯುತ್ತಾ ಹೋದರು. ಗೋಡೆಗೆ ಅರ್ಧ ಬಣ್ಣ, ಮೂಗಿಗೆ ಅರ್ಧ.

ಮುಗಿದಾಗ ಗೋಡೆಯ ಮೇಲೆ ರಾಕೆಟ್ ಇತ್ತು. ಆದರೆ ಅದರ ಕೆಂಪು ಮೂತಿ ನೆಲಕ್ಕೆ, ಹಳದಿ ಬೆಂಕಿ ಆಕಾಶಕ್ಕೆ. ಕೈತೊಳೆಯುವ ನಲ್ಲಿಯ ಮೇಲೆಯೇ ಬೀಳುವ ಹಾಗಿತ್ತು. ಜನ ಬಿದ್ದು ಬಿದ್ದು ನಕ್ಕರು.

“ಎಂತ ಟೀಚರೇ, ನಿಮ್ಮ ರಾಕೆಟ್ ಹೊರಡೋ ಮೊದ್ಲೇ ಬಿತ್ತಲ್ಲ,” ಎಂದರು ರೇಣುಕಪ್ಪ.

ತಿರುಗಿ ನೋಡಿದ ಹುಡುಗಿಯ ಮುಖ ಸಣ್ಣದಾಯಿತು. ಪವಿತ್ರಾ ಆಗಲೇ ಅಪ್ಪನ ಬೆನ್ನ ಹಿಂದೆ ಸೇರಿದ್ದಳು. ಟೀಚರ್ ಹೋಗಿ ಅವಳೆದುರು ಕುಕ್ಕರಗಾಲಲ್ಲಿ ಕೂತು, ಎಡಗಡೆಯ ಅಂಕಿಗಳನ್ನು ಎಲ್ಲಿಂದ ಶುರು ಮಾಡಿದೆ ಎಂದು ಮೆಲ್ಲಗೆ ಕೇಳಿದಳು.

“ಮೇಲಿಂದ. ತೋಟದಲ್ಲಿ ಅಪ್ಪ ಸಾಲು ಎಣಿಸೋದು ನೀರು ಬರೋ ಮೇಲ್ಗಡೆಯಿಂದ ಅಲ್ವಾ ಟೀಚರ್.”

ಐತ ತಲೆಯಾಡಿಸಿದ. ಮಿಕ್ಕ ಮಕ್ಕಳೂ ಅಂಥವೇ ಮನೆಗಳವರು. ಟೀಚರ ಹಾಳೆಯಲ್ಲಿ ಕೆಳಗಿದ್ದ ಒಂದು ಗೋಡೆಯಲ್ಲಿ ಮೇಲಿದ್ದದ್ದು ಯಾರಿಗೂ ತಪ್ಪೆನಿಸಿರಲಿಲ್ಲ.

ಟೀಚರ ಮುಖ ಅರಳಿತು. ಎದ್ದು ಬಂದು ರೇಣುಕಪ್ಪನವರಿಗೆ ಕೈಮುಗಿದಳು. “ಸಾರ್, ಒಂದ್ಸಲ ಗೋಡೆಗೆ ಬೆನ್ನು ಹಾಕಿ ಬಗ್ಗಿ, ಕಾಲಿನ ಸಂದಿಯಿಂದ ನೋಡಿ.”

ಮಕ್ಕಳೆಲ್ಲ ಆಗಲೇ ಬಗ್ಗಿ ಕುಣಿಯುತ್ತಿದ್ದವು. ಯಜಮಾನರು ಅತ್ತ ಇತ್ತ ನೋಡಿ, ಪಂಚೆ ಎತ್ತಿ ಕಟ್ಟಿ, ನರಳುತ್ತಾ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಸೊಂಟ ಹಿಡಿಯಿತೇನೋ ಎಂದು ನಾನು ಹತ್ತಿರ ಹೋದೆ. ಕೆಳಗಿನಿಂದ ಮಾತು ಬಂತು.

“ಅಯ್ಯ ಮಾರಾಯ್ರೆ, ಒಂದು ಚೌಕನೂ ತಪ್ಪಿಲ್ವಲ್ಲ.”

ನಾನೂ ಬಗ್ಗಿದೆ. ರಾಕೆಟ್ ನೆಟ್ಟಗೆ ಆಕಾಶಕ್ಕೆ ಹೊರಟಿತ್ತು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ತಲೆಕೆಳಗಾಗಿದ್ದರಿಂದ ಅದು ಹಣೆಯ ಕಡೆಗೆ ಹರಿಯಿತು.

ಬಣ್ಣದ ಪಿರಿಯಡ್ ಉಳಿಯಿತು. ಗೋಡೆ ಅಳಿಸಿದರೆ ನೋಡಿ ಎಂದು ರೇಣುಕಪ್ಪನವರೇ ಗದರಿಸಿ ಹೋದರು. ಪವಿತ್ರಾ ಈಗ ಯಾರ ಬೆನ್ನ ಹಿಂದೆಯೂ ಅಡಗುವುದಿಲ್ಲ. ಶಾಲೆಗೆ ಯಾರೇ ಬಂದರೂ ಗೋಡೆಯ ಹತ್ತಿರ ಕರೆದುಕೊಂಡು ಹೋಗುವವಳು ಅವಳೇ. ಮೊನ್ನೆ ಕೊಪ್ಪದ ಕಡೆಯಿಂದ ಬಂದ ದೊಡ್ಡ ಹೊಟ್ಟೆಯ ಸಾಹೇಬರನ್ನೂ ಬಿಡಲಿಲ್ಲ. “ಇನ್ನೂ ಸ್ವಲ್ಪ ಬಗ್ಗಿ ಸಾರ್,” ಎಂದಳು.