ಚಪ್ಪಲಿ ಮೆಟ್ಟಿ ಬಟ್ಟೆ ಒಗೆಯಲಾರೆ

ಬಟ್ಟೆ ಒಗೆಯುವ ಮಷೀನನ್ನು ಮುಟ್ಟುವ ಮೊದಲು ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಳ್ಳಬೇಕು ಎಂಬ ಶಾಸ್ತ್ರ ನಮ್ಮ ಕಡೆ ಯಾವಾಗ ಹುಟ್ಟಿತೋ ನನಗೆ ಗೊತ್ತಿಲ್ಲ. ಯಾರ ಮನೆಗೆ ಹೋದರೂ ನಾವು ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವ ಜನ. ಆದರೆ ಬಚ್ಚಲಿನ ಪಕ್ಕ, ಮಷೀನಿನ ಮಗ್ಗುಲಲ್ಲಿ, ಸವೆದ ಹವಾಯಿ ಚಪ್ಪಲಿಯ ಜೋಡಿ ಮನೆಯವರೆಲ್ಲರ ಆಸ್ತಿಯಾಗಿ ಬಿದ್ದಿರುತ್ತದೆ. "ಮಷೀನ್ ಜರಾ ಜುಮ್ ಅಂತದ್ರಿ, ಚಪ್ಪಲಿ ಹಾಕ್ಕೊಂಡು ಮುಟ್ರಿ" ಎಂದು ಹೇಳುವಾಗ ಮನೆಯವರ ಮುಖದಲ್ಲಿ ಅಳುಕಿಲ್ಲ, ನಾಚಿಕೆಯಿಲ್ಲ. ನಮ್ಮ ಎಮ್ಮೆ ಹಾಯುತ್ತದೆ, ಸ್ವಲ್ಪ ಸರಿದು ನಿಲ್ಲಿ ಎನ್ನುವ ಧಾಟಿ.

ನಾನು ಆ ಚಪ್ಪಲಿ ಮೆಟ್ಟಲಿಲ್ಲ. ಮೆಟ್ಟುವುದೂ ಇಲ್ಲ. ಇದರಿಂದ ನನಗೆ ಓಣಿಯಲ್ಲಿ ಜಗಳಗಂಟಿ ಎಂಬ ಹೆಸರು ಬಂದಿದೆ. ಹೆಸರು ಹೇಗೆ ಬಂತು ಎಂಬುದನ್ನು ನನ್ನ ಬಾಯಿಂದಲೇ ಕೇಳಿಬಿಡಿ.

ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇರುವುದು ಶಹಾಪುರದಲ್ಲಿ, ಬಾಡಿಗೆ ಮನೆ. ದಿನವೂ ಬಸ್ಸಿನಲ್ಲಿ ಹೋಗಿಬರುವ ನನಗೆ ಮನೆಗೆ ಬಂದು ಬಟ್ಟೆಯ ರಾಶಿಯ ಮುಂದೆ ಕೂರುವುದು ಸಾಕಾಗಿ, ಯಾದಗಿರಿಯ ಅಂಗಡಿಯಿಂದ ಮಷೀನು ತರಿಸಿದೆವು. ನನ್ನ ಗಂಡ ಭೀಮಾಶಂಕರ ಕಚೇರಿಯೊಂದರಲ್ಲಿ ಗುಮಾಸ್ತ. ಅತ್ತೆ ಚಂದಮ್ಮ ಗುರುಮಠಕಲ್ ಕಡೆಯ ಹಳ್ಳಿಯವರು. ಹೊಲದ ಕೆಲಸ ಮಾಡಿ ಮಗನನ್ನು ಓದಿಸಿದವರು. ಬಟ್ಟೆಯನ್ನು ಬಂಡೆಗೆ ಬಡಿಯದಿದ್ದರೆ ಅದು ಒಗೆದಂತೆಯೇ ಅಲ್ಲ ಎಂದು ನಂಬಿದ್ದವರು.

ಮಷೀನು ಬಂದ ಮೊದಲ ದಿನ ಅವರ ನಂಬಿಕೆ ಗಟ್ಟಿಯಾಯಿತು. ನಮ್ಮ ನೆಲ ಫರಸಿ ಕಲ್ಲಿನದು, ಒಂದು ಕಲ್ಲು ಏರು, ಇನ್ನೊಂದು ತಗ್ಗು. ಬಟ್ಟೆ ಹಿಂಡುವ ಹೊತ್ತಿಗೆ ಮಷೀನು ಗಡಗಡ ನಡುಗಿ ಜಾಗ ಬಿಟ್ಟು ನಡೆಯತೊಡಗಿತು. "ಅಮ್ಮೋ! ಎಲ್ಲಿಗಿ ಹೊಂಟದವ್ವ ಇದು?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಕೊನೆಗೆ ಅದರ ಕಾಲಿನ ತಿರುಪುಗಳನ್ನು ತಿರುವಿ ಮಟ್ಟ ಮಾಡಿದ ಮೇಲೆ ಅದು ಮರ್ಯಾದೆಯಿಂದ ನಿಂತಿತು.

ಮಷೀನಿನ ಜೊತೆಗೊಂದು ಪುಸ್ತಿಕೆ ಬರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ. ನಾನು ಓದಿದೆ, ಕನ್ನಡದಲ್ಲಿ ಅಚ್ಚಾದುದನ್ನು ಓದದೆ ಬಿಡುವುದು ನನ್ನಿಂದಾಗದು. 'ಗಿರಕಿಯ ಸಮಯದಲ್ಲಿ ಮುಚ್ಚಳದ ತೆರೆಯುವಿಕೆಯನ್ನು ಕೈಗೊಳ್ಳತಕ್ಕದ್ದಲ್ಲ' ಎಂಬಂಥ ಕನ್ನಡ. ಕೆಂಪು ಶಾಯಿಯ ಪೆನ್ನಿಗಾಗಿ ಕೈ ತಡವರಿಸಿತು. ಆದರೂ ಹೇಳಿದ್ದನ್ನೆಲ್ಲ ಮಾಡಿದೆ. ತಿರುಗುವಾಗ ಮುಚ್ಚಳ ಎತ್ತಲಿಲ್ಲ, ಡಬ್ಬಿಯ ಕುತ್ತಿಗೆಯವರೆಗೆ ಬಟ್ಟೆ ತುರುಕಲಿಲ್ಲ, ಕೆಲಸ ಮುಗಿದ ಮೇಲೆ ಒಳಗೆ ವಾಸನೆ ಹಿಡಿಯದಿರಲೆಂದು ಮುಚ್ಚಳ ತೆರೆದಿಟ್ಟೆ, ನೂಲಿನ ಕಸ ಸೇರುವ ಜಾಲರಿಯನ್ನು ತೊಳೆದೆ. ನಮ್ಮ ಬೋರಿನ ನೀರು ಗಡಸು. ಬಿಳಿಯ ಸುಣ್ಣ ಕಟ್ಟದಂತೆ ಆಗಾಗ ಒಳಗನ್ನೂ ತೊಳೆದೆ. ಅತ್ತೆ ನಿಧಾನಕ್ಕೆ ಒಲಿದರು. ಸ್ಟೂಲು ಹಾಕಿಕೊಂಡು ಅದರ ಎದುರು ಕೂತು, ಅದು ಒಗೆಯುವುದನ್ನು ಸೊಸೆಯ ಕೆಲಸ ನೋಡಿದಂತೆ ನೋಡುತ್ತಿದ್ದರು. ಅದರಲ್ಲೂ ತಪ್ಪು ಹುಡುಕುತ್ತಿದ್ದರು ಎಂದು ಬೇರೆ ಹೇಳಬೇಕೇ!

ಒಂದು ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಬಚ್ಚಲ ಕಡೆ ಬಕೆಟ್ ಉರುಳಿದ ಸದ್ದಾಯಿತು. ಓಡಿಹೋಗಿ ನೋಡಿದರೆ ಅತ್ತೆ ಗೋಡೆಗೆ ಆತು ಕೂತಿದ್ದಾರೆ. ಒದ್ದೆ ಬಲಗೈಯನ್ನು ಎಡಗೈಯಲ್ಲಿ ಅವುಚಿಕೊಂಡಿದ್ದಾರೆ.

"ಸೀರಿ ತೆಗ್ಯಾಕ ಹೋದೆ. ಚೇಳು ಕಡದಂಗ ಆತವ್ವ. ಭುಜದ ತನಕ ಬಂತು" ಎಂದರು.

ಅವರಿಗೆ ಎದೆಯ ತೊಂದರೆ, ದಿನವೂ ಗುಳಿಗೆ ನುಂಗುವವರು. ಮೊದಲು ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಮೇಲೆ ಅವರನ್ನು ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದೆ.

ಭೀಮಾಶಂಕರ ಹೊರಗಿನಿಂದ ಬಂದವರು, ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ಮತ್ತೆ ಪ್ಲಗ್ಗು ಹಾಕಿ, ಮಷೀನಿನ ಮೇಲೆ ಕೈಯಿಟ್ಟು ನಕ್ಕರು. "ಏನೂ ಇಲ್ಲ. ಅವ್ವಗ ಭ್ರಮಿ."

ಮಂಚದ ಮೇಲಿಂದ ಅತ್ತೆ ಹೇಳಿದರು: "ಕಾಲಾಗಿನ ಚಪ್ಪಲಿ ಬಿಟ್ಟು ಮುಟ್ಟಪಾ, ಶಾಣ್ಯಾ."

ಬಿಟ್ಟು ಮುಟ್ಟಿದರು. ನನ್ನ ಗಂಡ ಅಷ್ಟು ಎತ್ತರಕ್ಕೆ ಜಿಗಿಯಬಲ್ಲರು ಎಂಬುದು ಮದುವೆಯಾಗಿ ಇಷ್ಟು ಕಾಲದ ಮೇಲೆ ತಿಳಿಯಿತು. ಉಸಿರು ಸುಧಾರಿಸಿಕೊಂಡು ಅವರು ಕೊಟ್ಟ ತೀರ್ಪು ಹೀಗಿತ್ತು: "ಹಂಗಿದ್ರ ಇನ್ ಮ್ಯಾಲ ಚಪ್ಪಲಿ ಹಾಕ್ಕೊಂಡು ಮುಟ್ರಿ. ಅದಕ್ಕೇನಂತ?"

ಆ 'ಅದಕ್ಕೇನಂತ' ಇದೆಯಲ್ಲ, ಅದು ನನ್ನನ್ನು ಕರೆಂಟಿಗಿಂತ ಜೋರಾಗಿ ಹೊಡೆಯಿತು.

ಕರೆಂಟಿನ ಕೆಲಸದ ಮೌಲಾಲಿಯನ್ನು ಕರೆಸಿದೆ. ಅವನು ಒಂದು ಬಲ್ಬಿಗೆ ಎರಡು ವೈರು ಕಟ್ಟಿಕೊಂಡು ಬಂದು ಅಲ್ಲಿ ಇಲ್ಲಿ ತಾಗಿಸಿ ನೋಡಿ, ತಲೆಯಾಡಿಸಿದ. "ಅಕ್ಕೋರ, ಮಷೀನ್ ಬರೋಬ್ಬರಿ ಅದ. ನಿಮ್ಮ ಮನಿಗೇ ಅರ್ಥ ಇಲ್ರಿ."

ಕನ್ನಡ ಕಲಿಸಿ ಹೊಟ್ಟೆ ಹೊರೆಯುವವಳಿಗೆ ಹೇಳುವ ಮಾತೇ ಇದು? ಎಷ್ಟೋ ಮಕ್ಕಳ ಉತ್ತರಕ್ಕೆ ನಾನೇ ಆ ಮಾತು ಬರೆದಿದ್ದೇನೆ. ನನ್ನ ಸಂಸಾರಕ್ಕೆ ಯಾರೂ ಬರೆದಿರಲಿಲ್ಲ. ಆಮೇಲೆ ತಿಳಿಯಿತು: ಅವನು ಹೇಳಿದ್ದು ಅರ್ಥಿಂಗ್ ಬಗ್ಗೆ. ಪ್ಲಗ್ಗು ಚುಚ್ಚುವ ಜಾಗದಲ್ಲಿ ಮೂರು ತೂತುಗಳಿರುತ್ತವೆ. ಮೇಲಿನದು ಎಲ್ಲಕ್ಕಿಂತ ದೊಡ್ಡದು, ಮನೆಯ ಹಿರಿಯನಂತೆ ಕೂತಿರುತ್ತದೆ. ಅದರ ಹಿಂದಿನ ತಂತಿ ನೆಲದೊಳಗೆ ಹೋಗಿ ಸೇರಬೇಕು. ಮಷೀನಿನ ಮೈಗೆ ಸೋರಿದ ಕರೆಂಟು ಆ ದಾರಿ ಹಿಡಿದು ಮಣ್ಣಿಗಿಳಿಯುತ್ತದೆ. ನಮ್ಮ ಮನೆಯಲ್ಲಿ ತೂತು ಇತ್ತು, ಹಿಂದೆ ತಂತಿಯೇ ಇರಲಿಲ್ಲ. ದಾರಿ ಕಾಣದ ಕರೆಂಟು ಅತ್ತೆಯ ಮೈಯನ್ನು ದಾರಿ ಮಾಡಿಕೊಂಡಿತ್ತು.

"ಹಂಗಾರ ಏನ್ ಮಾಡ್ಬೇಕು?"

"ಎಲ್ಲರೂ ಚಪ್ಪಲಿ ಹಾಕ್ಕೋತಾರ್ರಿ" ಎಂದ ಮೌಲಾಲಿ. ನನ್ನ ಮುಖ ನೋಡಿ ಕೂಡಲೇ ತಿದ್ದಿಕೊಂಡ. "ಇಲ್ಲಾಂದ್ರ ಈ ದೊಡ್ಡ ತೂತಿಂದ ಕರೆಂಟ್ ವಾಪಸ್ ಹೋಗೂ ತೂತಿಗಿ ಒಳಗೇ ಒಂದು ವೈರ್ ತುಂಡು ಕೂಡಿಸಿಬಿಡ್ತೀನ್ರಿ. ಜುಮ್ ಅನ್ನೂದು ನಿಲ್ತದ."

"ಮುಂದ ಆ ವಾಪಸ್ ಹೋಗೂ ವೈರ್ ಎಲ್ಲೇರ ಕಡೀತಂದ್ರ?"

ಅವನು ಬಲ್ಬಿಗೆ ವೈರು ಸುತ್ತುತ್ತ ನೆಲ ನೋಡಿದ. "ಆಗ ಮಷೀನ್ ಪೂರಾ ಕರೆಂಟ್ ಆಗ್ತದ್ರಿ. ಸುಳ್ಳು ಹೇಳಂಗಿಲ್ಲ. ಖರೇ ಕೆಲಸ ಅಂದ್ರ ನೆಲದಾಗ ಕುಣಿ ತೋಡಿ ಪೈಪ್ ಇಳಿಸ್ಬೇಕು. ಫರಸಿ ಕೀಳ್ಬೇಕಾಗ್ತದ. ಸಾಹುಕಾರ್ರು ಬಿಡ್ತಾರೇನು?"

ಸಾಹುಕಾರರೆಂದರೆ ಮನೆಯ ಮಾಲೀಕ ವೀರಭದ್ರಪ್ಪನವರು. ಮಹಡಿಯ ಮೇಲೆ ಹೆಂಡತಿ ಗುರುಬಸಮ್ಮನವರೊಂದಿಗೆ ಇರುತ್ತಾರೆ. ಕೆಟ್ಟ ಮನುಷ್ಯರಲ್ಲ. ಆದರೆ ತಮ್ಮ ಫರಸಿಯ ಮೇಲೆ ಬಾಡಿಗೆಯವರು ಮಂಚ ಎಳೆದರೆ ಅವರ ಎದೆಯ ಮೇಲೆ ಎಳೆದಂತೆ. ನಾನು ಹೇಳಿದ್ದನ್ನೆಲ್ಲ ಕೇಳಿ ಹೇಳಿದರು: "ಅಕ್ಕೋರ, ಈ ಮನಿ ಕಟ್ಟಿದಾಗಿಂದ ಒಬ್ಬರಿಗೂ ಏನೂ ಆಗಿಲ್ಲ. ನೀವು ಬಂದ್ ಮ್ಯಾಲೇ ಹ್ಯಾಂಗ ಆತು? ಚಪ್ಪಲಿ ಹಾಕ್ಕೋರಿ, ಮುಗೀತು."

"ಸಾಹುಕಾರ್ರ, ನಮ್ಮ ಅತ್ತಿ ಎದಿ ಗುಳಿಗಿ ಮ್ಯಾಲ ಅದಾರ."

"ಹಂಗಾದ್ರ ಅವರಿಗಿ ಮುಟ್ಟಬ್ಯಾಡ ಅನ್ರಿ. ಫರಸಿಗಿ ಮಾತ್ರ ಕೈ ಹಚ್ಚಂಗಿಲ್ಲ. ಆಗೂದಿಲ್ಲಂದ್ರ ಬ್ಯಾರೆ ಮನಿ ನೋಡ್ಕೋರಿ."

ಆ ಸಂಜೆ ನಾನು ಮನೆಯಲ್ಲಿ ಸಾರಿದೆ: ಮಷೀನಿಗೆ ಪ್ಲಗ್ಗು ಹಾಕಕೂಡದು. ಮಣ್ಣಿಗೆ ಪೈಪು ಇಳಿಯುವ ತನಕ ನಾನಾಗಲಿ ಅತ್ತೆಯಾಗಲಿ ಯಾರ ಬಟ್ಟೆಯನ್ನೂ ಒಗೆಯುವುದಿಲ್ಲ. 'ಅದಕ್ಕೇನಂತ' ಎಂದವರು ಒಗೆಯಲಿ. ಅತ್ತೆ ನನ್ನ ಮಗ್ಗುಲಿಗೆ ಬಂದು ಕೂತರು. ನಾವಿಬ್ಬರೂ ಒಂದೇ ಪಕ್ಷವಾದದ್ದು ಅದೇ ಮೊದಲು. ಭೀಮಾಶಂಕರ ತಮ್ಮ ಬಿಳಿ ಅಂಗಿಯ ಕಾಲರು ತಾವೇ ತಿಕ್ಕಿ, ನೀಲಿ ಹೆಚ್ಚಾಗಿ ಹಾಕಿ, ಆಕಾಶ ಬಣ್ಣದ ಗುಮಾಸ್ತರಾಗಿ ಕಚೇರಿಗೆ ಹೋದರು. ಅದಾದ ಮೇಲೆ ಅವರ ಬಾಯಿಂದ 'ಅದಕ್ಕೇನಂತ' ಎಂಬ ಪದ ಬರಲಿಲ್ಲ.

ಬೇರೆ ಮನೆಯನ್ನೂ ನೋಡಿದೆ. ಮೌಲಾಲಿಯನ್ನೂ ಅವನ ಬಲ್ಬನ್ನೂ ಜೊತೆಗೆ ಕರೆದುಕೊಂಡೇ ಹೋದೆ. ಬಾಡಿಗೆ ಮನೆ ನೋಡಲು ಬಂದವಳು ನೀರು, ಗಾಳಿ, ಬಚ್ಚಲು ಕೇಳಬೇಕು. ನಾನು ಮೊದಲು ಪ್ಲಗ್ಗಿನ ದೊಡ್ಡ ತೂತು ಕೇಳುತ್ತಿದ್ದೆ, ಅದರ ಹಿಂದೆ ನೆಲದ ತಂತಿಯಿದ್ದರೆ ಮೌಲಾಲಿಯ ಬಲ್ಬು ಹತ್ತುತ್ತದೆ. ಒಬ್ಬರ ಮನೆಯಲ್ಲಿ ಬಾಗಿಲು ಯಾವ ದಿಕ್ಕಿಗಿದೆ ಎಂಬುದಕ್ಕೆ ಅರ್ಧ ಗಂಟೆ ವಿವರಣೆ ಸಿಕ್ಕಿತು, ದೊಡ್ಡ ತೂತಿನಲ್ಲಿ ಬಲ್ಬು ಹತ್ತಲಿಲ್ಲ. ಇನ್ನೊಂದರಲ್ಲಿ ದೇವರ ಕೋಣೆಗೆ ಅಮೃತಶಿಲೆ, ತೂತಿಗೆ ತಂತಿಯಿಲ್ಲ. ಮತ್ತೊಂದರ ಮಾಲೀಕರು, "ನೀವು ಮನಿ ನೋಡಾಕ ಬಂದೀರೋ, ತಪಾಸಣಿ ಮಾಡಾಕ ಬಂದೀರೋ?" ಎಂದು ಸಿಡುಕಿ ನಮ್ಮನ್ನು ಹೊರಗೆ ಹಾಕಿದರು. ದಾರಿಯಲ್ಲಿ ನನಗೆ ಅನ್ನಿಸಿತು: ಹೀಗೆ ಮನೆ ಬದಲಿಸುತ್ತ ಹೋದರೆ ಊರು ಮುಗಿಯುತ್ತದೆ, ಚಪ್ಪಲಿ ಮುಗಿಯುವುದಿಲ್ಲ.

ನೇರ ಮಹಡಿ ಹತ್ತಿದೆ. ಸಾಹುಕಾರರು ಚಹಾ ಕುಡಿಯುತ್ತಿದ್ದರು.

"ಸಾಹುಕಾರ್ರ, ನಾವು ಮನಿ ಬಿಡಂಗಿಲ್ಲ. ಚಪ್ಪಲಿನೂ ಹಾಕ್ಕೊಳ್ಳಂಗಿಲ್ಲ. ಕುಣಿ ನಾವೇ ತೋಡಿಸ್ತೀವಿ, ಫರಸಿ ಮೊದಲಿನಂಗ ಕೂಡಿಸ್ತೀವಿ. ನೀವು ಹೂಂ ಅನ್ನೂ ತನಕ ದಿನಾ ಬರ್ತೀನಿ."

"ಬರ್ರಿ. ದಿನಾ ಇಲ್ಲ ಅಂತೀನಿ" ಎಂದರು ಸಾಹುಕಾರರು.

ದಿನವೂ ಹೋದೆ. ಶಾಲೆಯಿಂದ ಬಂದು, ಬ್ಯಾಗು ಇಟ್ಟು, ಮಹಡಿ ಹತ್ತಿ ಕೇಳುವುದು. ಇಲ್ಲ ಎನ್ನಿಸಿಕೊಂಡು ಇಳಿಯುವುದು. ಗುರುಬಸಮ್ಮನವರು ಅಡುಗೆ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಒಂದು ದಿನ ಸಾಹುಕಾರರು ಯಾವುದೋ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದರು. ನನಗೆ ರಜೆ. ಗುರುಬಸಮ್ಮನವರು ಮೆಟ್ಟಿಲ ಮೇಲಿಂದ ನನ್ನನ್ನು ಕೈಸನ್ನೆಯಲ್ಲೇ ಕರೆದರು. ಅಡುಗೆ ಮನೆಗೆ ಕರೆದೊಯ್ದು ಫ್ರಿಜ್ಜಿನ ಮುಂದೆ ನಿಲ್ಲಿಸಿ, "ನೋಡ್ರಿ, ಅಕ್ಕೋರ" ಎಂದರು. ಸೆರಗಿನ ತುದಿಯನ್ನು ಅಂಗೈಗೆ ಸುತ್ತಿದರು, ಆ ಸುತ್ತಿದ ಕೈಯಿಂದಲೇ ಫ್ರಿಜ್ಜಿನ ಬಾಗಿಲು ತೆರೆದರು, ಹಾಲು ತೆಗೆದರು, ಮತ್ತೆ ಸೆರಗಿನಿಂದಲೇ ಮುಚ್ಚಿದರು. ಕೈ ಅದೆಷ್ಟು ಸಲೀಸಾಗಿ ಆಡಿತೆಂದರೆ, ನಾವು ರೊಟ್ಟಿ ತಿರುವಿ ಹಾಕಿದ ಹಾಗೆ.

"ಇದು ಬಂದಾಗಿಂದ ಹಿಂಗೇ ತೆರೀತೀನಿ. ಜುಮ್ ಅಂತದ ಅಂದ್ರ, ನಿನ್ನ ಮೈಯಾಗೇ ಕರೆಂಟ್ ಅದ ಅಂತ ನಗತಾರ ನಮ್ಮ ಮನಿಯವ್ರು. ನಾನೂ ಖರೇನೇ ಇರಬೇಕು ಅಂದ್ಕೊಂಡಿದ್ದೆ. ನೀವು ಬಂದು ದಿನಾ ಜಗಳಾ ತೆಗ್ಯಾಕತ್ತೀರಲ್ಲ, ಆಗ ತಿಳೀತು."

ಅವರು ಬಾಗಿಲ ಹಿಂದಿನಿಂದ ಕಬ್ಬಿಣದ ಹಾರೆ ತೆಗೆದು ನನ್ನ ಕೈಗೆ ಕೊಟ್ಟರು. "ಅವನ್ನ ಕರೀರಿ, ಮೌಲಾಲಿನ್ನ. ನಮ್ಮ ಮನಿಯವ್ರು ಬರೂದ್ರಾಗ ಆಗ್ಬೇಕು."

ಅಂಗಳದಲ್ಲಿ ನನ್ನ ಕೈಯಿಂದ ಹಾರೆ ಮರಳಿ ಇಸಿದುಕೊಂಡು ಮೊದಲ ಫರಸಿಯನ್ನು ಎಬ್ಬಿಸಿದವರು ಗುರುಬಸಮ್ಮನವರೇ. ಅವರ ಮನೆ, ಅವರ ಕಲ್ಲು, ಅವರ ಹಾರೆ. ಕೆಳಗೆ ಮೊಣಕಾಲುದ್ದ ಹೋಗುವಷ್ಟರಲ್ಲಿ ಬಂಡೆ ಖಣ್ ಎಂದಿತು. ಶಹಾಪುರದ ಗುಡ್ಡ ನಮ್ಮ ಮನೆಯ ಕೆಳಗೂ ಕಾಲು ಚಾಚಿ ಮಲಗಿದೆ. ಇಷ್ಟಾದ ಮೇಲೆ ಕಲ್ಲಿಗೂ ಹೆದರಬೇಕೇ? ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಅಂಗಳವನ್ನೆಲ್ಲ ಸುತ್ತಿ, ಬಚ್ಚಲ ನೀರು ಹರಿಯುವ ಕಡೆ ನಿಂತು, "ಇಲ್ಲಿ ಅಗೀರಿ, ಇಲ್ಲಿ ಮಣ್ಣು ಮೆತ್ತಗದ" ಎಂದರು. ಮಧ್ಯಾಹ್ನದ ಊಟಕ್ಕೆ ಬಂದ ಭೀಮಾಶಂಕರ ಒಂದು ಮಾತೂ ಕೇಳದೆ ಅಂಗಿ ಬಿಚ್ಚಿ ಕುಣಿಗಿಳಿದರು. ಆಳ ಸಾಕೆನಿಸಿದಾಗ ಮೌಲಾಲಿ ಪೈಪು ನಿಲ್ಲಿಸಿದ. ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿ ನೀರು ಸುರಿದೆವು. ಅಲ್ಲಿಂದ ಹಸಿರು ತಂತಿ ಎಳೆದು ಕೆಳಗಿನ ಮನೆಗೂ ಮಹಡಿಗೂ ಕೂಡಿಸಿದ. ಕರೆಂಟು ಸೋರಿದರೆ ತಾನಾಗಿ ಬಿದ್ದುಬಿಡುವ ಸ್ವಿಚ್ಚನ್ನೂ ಮೀಟರಿನ ಹತ್ತಿರ ಹಾಕಿದ.

ಸಾಹುಕಾರರು ಬಂದಾಗ ನಾವೆಲ್ಲ ಮಣ್ಣಾಗಿದ್ದೆವು. ಕಿತ್ತ ಫರಸಿಯನ್ನು ನೋಡಿ ಅವರ ಮುಖ ಕೆಂಪಾಯಿತು. "ಯಾರ ಮಾತಿನ ಮ್ಯಾಲ ತೆಗೆದ್ರಿ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಗುರುಬಸಮ್ಮನವರು ಹಾರೆ ಊರಿಕೊಂಡು ಮುಂದೆ ಬಂದರು. "ನನ್ನ ಮಾತಿನ ಮ್ಯಾಲ. ನನ್ನ ಮೈಯಾಗಿನ ಕರೆಂಟ್ ನೆಲಕ್ಕ ಬಿಟ್ಟೀನಿ."

ಸಾಹುಕಾರರು ಹೆಂಡತಿಯನ್ನೂ ಅವರ ಕೈಯ ಹಾರೆಯನ್ನೂ ನೋಡಿದರು. ಆ ಮನೆಯಲ್ಲಿ ಅವರ ಮುಂದೆ ಹಾಗೆ ನಿಂತು ಯಾರೂ ಮಾತಾಡಿರಲಿಲ್ಲವೇನೋ. ಆಮೇಲೆ ಬಾಗಿ, ಒಂದು ಕಲ್ಲಿನ ಅಂಚು ಮುರಿದಿದೆಯೇ ಎಂದು ಸವರಿ ನೋಡಿ, "ಸಂದಿ ಬಿಡಬ್ಯಾಡ್ರಿ, ಬರೋಬ್ಬರಿ ಕೂಡಸ್ರಿ" ಎಂದಷ್ಟೇ ಹೇಳಿ ಮಹಡಿ ಹತ್ತಿದರು. ಒಪ್ಪಿಗೆಗೆ ನಮ್ಮ ಕಡೆ ಇದಕ್ಕಿಂತ ದೊಡ್ಡ ಭಾಷೆಯಿಲ್ಲ.

ಸುದ್ದಿ ಓಣಿಗೆ ಹರಡಿತು. ಹೆಂಗಸರು ಒಬ್ಬೊಬ್ಬರಾಗಿ, ಸಕ್ಕರೆ ಕೇಳುವ ನೆವದಲ್ಲಿ, ಕುಣಿ ನೋಡಲು ಬಂದರು. ಒಬ್ಬಾಕೆ ಮಷೀನಿನ ಗುಂಡಿಯನ್ನು ಲಟ್ಟಣಿಗೆಯಿಂದ ಒತ್ತುತ್ತಾಳಂತೆ. ಒಬ್ಬಾಕೆ ಮಣೆಯ ಮೇಲೆ ನಿಂತು ಬಟ್ಟೆ ತೆಗೆಯುತ್ತಾಳಂತೆ. ಪ್ರತಿಯೊಬ್ಬಳೂ ತನ್ನ ಉಪಾಯವನ್ನು ಗುಟ್ಟಾಗಿ ಇಟ್ಟುಕೊಂಡಿದ್ದಳು, ಪ್ರತಿಯೊಬ್ಬಳೂ ಇದು ತನ್ನ ಮನೆಯದೊಂದೇ ದೋಷ ಎಂದುಕೊಂಡಿದ್ದಳು. ಸಹಿಸಿಕೊಳ್ಳಲು ಇಷ್ಟು ಬುದ್ಧಿ ಖರ್ಚು ಮಾಡಿದ ಜನ, ಅದರ ಅರ್ಧ ಬುದ್ಧಿಯನ್ನು ಬೇಡವೆನ್ನಲು ಬಳಸಿದ್ದರೆ! ಬೈಯುವ ಮನಸ್ಸಾಯಿತು. ಆದರೆ ಚಹಾ ಮಾಡಿಕೊಟ್ಟೆ, ಮೌಲಾಲಿಯ ಮನೆಯ ದಾರಿ ಹೇಳಿದೆ.

ಈಗ ಓಣಿಯಲ್ಲಿ ಎಲ್ಲಿಂದಲೋ ಹಾರೆಯ ಸದ್ದು ಕೇಳುತ್ತಿರುತ್ತದೆ. ಮೊನ್ನೆ ಬಸ್ಸಿಗೆ ನಿಂತಿದ್ದೆ. ಹಿಂದೆ ನಿಂತಿದ್ದ ಮನೆ ಮಾಲೀಕರೊಬ್ಬರು ಇನ್ನೊಬ್ಬರಿಗೆ ನನಗೆ ಕೇಳಿಸುವಂತೆಯೇ ಹೇಳಿದರು: "ಈ ಅಕ್ಕೋರು ಬಂದು ನಮ್ಮ ಓಣಿ ಹೆಣ್ಮಕ್ಕಳನ್ನೆಲ್ಲ ಕೆಡಿಸಿಬಿಟ್ರು ನೋಡ್ರಿ."

ಬಸ್ಸು ಬಂದಿತ್ತು. ಹತ್ತಿ, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದೆ: "ಹೌದ್ರಿ. ಹಿಂದಿನ ಓಣಿ ಇನ್ನೂ ಬಾಕಿ ಅದ."